ಇನ್ಸುಲಿನ್ ಚುಚ್ಚಿಕೊಂಡೇ ಬದುಕುವವರಿಗೂ ಇನ್ಸುಲಿನ್ ಪ್ರತಿರೋಧ ಬರುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಊರು ಬದಿಯಡ್ಕದ ಹತ್ತಿರ. 13ನೇ ವಯಸ್ಸಿನಿಂದ ಟೈಪ್ 1 ಶುಗರ್ ಇದೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಮದುವೆಗೆ ಮೊದಲು ದಿನಕ್ಕೆ ಒಟ್ಟು 36 ಯೂನಿಟ್ ಸಾಕಾಗುತ್ತಿತ್ತು, ಆಗ ತೂಕ 54 ಕಿಲೋ. ಈಗ 62 ಯೂನಿಟ್ ಹಾಕಿದರೂ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.4. ತೂಕ 66 ಕಿಲೋ, ಸೊಂಟ 91 ಸೆಂಟಿಮೀಟರ್. ಕಳೆದ ವರ್ಷದಿಂದ ಬಿಪಿ ಮಾತ್ರೆ ಇದೆ. ಮಂಗಳೂರಿನಲ್ಲಿ ನೋಡುವ ಡಾಕ್ಟರು ‘ಇನ್ಸುಲಿನ್ ರೆಸಿಸ್ಟೆನ್ಸ್ ಇರಬಹುದು’ ಎಂದರು, ಅಂದರೆ ಹಾಕಿದ ಇನ್ಸುಲಿನ್ ಮೈಗೆ ಸರಿಯಾಗಿ ನಾಟದ ಪ್ರತಿರೋಧವಂತೆ. ನಾನೇ ಲ್ಯಾಬಿನ ಪ್ಯಾಕೇಜಿನಲ್ಲಿ ಅದನ್ನು ಅಂದಾಜು ಮಾಡುವ ರಕ್ತಪರೀಕ್ಷೆ ಹೋಮಾ-ಐಆರ್ ಮಾಡಿಸಿದೆ. ಫಾಸ್ಟಿಂಗ್ ಶುಗರ್ 160, ಇನ್ಸುಲಿನ್ 24, ಹೋಮಾ 9.5 ಎಂದು ಕೆಂಪು ಅಕ್ಷರದಲ್ಲಿ ಬಂದಿದೆ. ನನ್ನ ಅಪ್ಪನಿಗೂ ಐವತ್ತರಲ್ಲಿ ಶುಗರ್ ಬಂದದ್ದು. ಹಾಗಾದರೆ ನನಗೆ ಟೈಪ್ 2 ಕೂಡ ಬಂತೇ? ಇದನ್ನು ಸರಿಯಾಗಿ ಅಳೆಯುವುದು ಹೇಗೆ?

ಉತ್ತರ: ಮೊದಲು ಆ ಕೆಂಪು ಅಕ್ಷರದ 9.5ನ್ನು ಮರೆತುಬಿಡಿ. ಲ್ಯಾಬಿನವರ ಲೆಕ್ಕ ತಪ್ಪಿಲ್ಲ. 160ನ್ನು 24ರಿಂದ ಗುಣಿಸಿ 405ರಿಂದ ಭಾಗಿಸಿದರೆ 9.5 ಹತ್ತಿರ ಬರುತ್ತದೆ, ಸೂತ್ರ ಇರುವುದೇ ಹಾಗೆ. ಆದರೆ ಆ ಸೂತ್ರ ನಿಮ್ಮಂಥವರಿಗೆ ಮಾಡಿದ್ದಲ್ಲ. 1985ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅದನ್ನು ರೂಪಿಸಿದಾಗ ಲೆಕ್ಕ ನಿಂತದ್ದು ಒಂದು ಸರಳ ಸಂಗತಿಯ ಮೇಲೆ. ಬರಿಹೊಟ್ಟೆಯಲ್ಲಿ ಸಕ್ಕರೆ ಏರಿದರೆ ಮೇದೋಜೀರಕ ಗ್ರಂಥಿ ತಾನಾಗಿ ಹೆಚ್ಚು ಇನ್ಸುಲಿನ್ ಬಿಡುತ್ತದೆ, ಇಳಿದರೆ ಕಡಿಮೆ ಬಿಡುತ್ತದೆ. ಈ ಕೊಡು-ಕೊಳ್ಳುವಿಕೆ ಇರುವವರ ರಕ್ತದಲ್ಲಿ ಸಿಕ್ಕುವ ಇನ್ಸುಲಿನ್ ಮಟ್ಟಕ್ಕೆ ಒಂದು ಅರ್ಥವಿದೆ. ನಿಮ್ಮಲ್ಲಿ ಆ ಗ್ರಂಥಿ ಇನ್ಸುಲಿನ್ ಮಾಡುವುದನ್ನು ಬಿಟ್ಟು ಇಪ್ಪತ್ತೊಂದು ವರ್ಷವಾಯಿತು. ಲ್ಯಾಬಿನ ಯಂತ್ರ ಎಣಿಸಿದ 24 ನೀವು ಹಿಂದಿನ ರಾತ್ರಿ ನೀವೇ ಚುಚ್ಚಿಕೊಂಡದ್ದು. ಅದರಲ್ಲೂ ಕೆಲವು ಕಿಟ್‌ಗಳು ಈಗಿನ ಹೊಸ ಬಗೆಯ ಇನ್ಸುಲಿನ್‌ಗಳನ್ನು ಗುರುತಿಸುತ್ತವೆ, ಕೆಲವು ಗುರುತಿಸುವುದೇ ಇಲ್ಲ. ವರ್ಷಗಟ್ಟಲೆ ಇನ್ಸುಲಿನ್ ತೆಗೆದುಕೊಂಡವರ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳೂ ಇರಬಹುದು, ಅವೂ ಲೆಕ್ಕ ಕೆಡಿಸುತ್ತವೆ. ಪ್ಯಾಕೇಜಿಗೆ ಕೊಟ್ಟ ದುಡ್ಡು ಹೋಯಿತು, ಇರಲಿ.

ಆದರೆ ನಿಮ್ಮ ಡಾಕ್ಟರು ಎತ್ತಿದ ಅನುಮಾನ ಸರಿಯಾದದ್ದೇ. ಟೈಪ್ 1 ಎಂದರೆ ಇನ್ಸುಲಿನ್ ಇಲ್ಲದ್ದು, ಟೈಪ್ 2 ಎಂದರೆ ಇದ್ದೂ ನಾಟದ್ದು ಎಂದು ನಾವು ಪಾಠ ಹೇಳುತ್ತೇವೆ. ದೇಹ ಆ ಪಾಠ ಓದಿಲ್ಲ. ಟೈಪ್ 1 ಇದ್ದವರಲ್ಲೂ ಇನ್ಸುಲಿನ್‌ಗೆ ಸ್ನಾಯು, ಕೊಬ್ಬು, ಪಿತ್ತಜನಕಾಂಗ ಸರಿಯಾಗಿ ಓಗೊಡದ ಸ್ಥಿತಿ ಬರಬಹುದು. ಅದಕ್ಕೆ ಒಂದು ಕಾರಣ ಚುಚ್ಚುವ ಜಾಗದಲ್ಲೇ ಇದೆ. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗವನ್ನು ನೆನಪು ಮಾಡಿಕೊಳ್ಳಿ. ಗುಡ್ಡದ ಹೊಟ್ಟೆಯಿಂದ ಬಂದ ನೀರು ಮೊದಲು ಕೆರೆಗೆ ಬೀಳುತ್ತದೆ, ಕೆರೆ ತುಂಬಿದ ಮೇಲೆ ತೋಟಕ್ಕೆ ಹರಿಯುತ್ತದೆ. ಗ್ರಂಥಿ ತಾನೇ ಬಿಡುವ ಇನ್ಸುಲಿನ್ನೂ ಹಾಗೆಯೇ ನೇರ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಹೆಚ್ಚುಕಡಿಮೆ ಅರ್ಧ ಅಲ್ಲೇ ಖರ್ಚಾಗಿ, ಉಳಿದದ್ದು ಮಿಕ್ಕ ದೇಹಕ್ಕೆ. ಚರ್ಮದಡಿ ಚುಚ್ಚಿದ ಇನ್ಸುಲಿನ್ ಟ್ಯಾಂಕರಿನಲ್ಲಿ ತಂದು ನೇರ ತೋಟಕ್ಕೆ ಬಿಟ್ಟ ನೀರು. ಅಡಿಕೆ ಬುಡದಲ್ಲಿ ನೀರು ನಿಲ್ಲುತ್ತದೆ, ಕೆರೆ ಅರ್ಧ ಖಾಲಿ. ಪಿತ್ತಜನಕಾಂಗಕ್ಕೆ ಬೇಕಾದಷ್ಟು ತಲುಪಿಸಬೇಕಾದರೆ ಸ್ನಾಯುಗಳಿಗೆ ಬೇಡದಷ್ಟು ಹೋಗುತ್ತದೆ. ಹೀಗೆ ವರ್ಷಗಟ್ಟಲೆ ಮುಳುಗಿದ ಸ್ನಾಯು ನಿಧಾನಕ್ಕೆ ಜಡವಾಗುತ್ತದೆ. ಇದರ ಮೇಲೆ ಹೊಟ್ಟೆಯ ಕೊಬ್ಬು, ನಡೆದಾಟ ಕಡಿಮೆಯಾದದ್ದು, ಮನೆತನದಲ್ಲಿ ಟೈಪ್ 2 ಇರುವುದು ಸೇರಿದರೆ ಪ್ರತಿರೋಧ ಎದ್ದು ಕಾಣುತ್ತದೆ.

ಕೊನೆಯದು ನಿಮ್ಮ ಅಪ್ಪನ ವಿಷಯಕ್ಕೆ ತಾಗುತ್ತದೆ. ಟೈಪ್ 1 ಇದ್ದು, ಮನೆಯವರಲ್ಲಿ ಟೈಪ್ 2 ಕೂಡ ಇರುವವರಿಗೆ ತೂಕ ಹೆಚ್ಚು, ಇನ್ಸುಲಿನ್ ಹೆಚ್ಚು, ಆದರೂ ಹತೋಟಿ ಕಡಿಮೆ ಎಂಬುದನ್ನು 1991ರಲ್ಲೇ ವೈದ್ಯರು ಗಮನಿಸಿ ‘ಡಬಲ್ ಡಯಾಬಿಟಿಸ್’ ಎಂದು ಬರೆದರು. ನನಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ಕೇಳಿದವರು ಎರಡು ರೋಗ ಬಂತು ಎಂದು ಎದೆ ಒಡೆದುಕೊಳ್ಳುತ್ತಾರೆ. ನಿಮಗೆ ಇರುವುದು ಟೈಪ್ 1 ಮಾತ್ರ. ಅದರ ಜೊತೆಗೆ ಟೈಪ್ 2ರವರಲ್ಲಿ ಕಾಣುವ ಒಂದು ಗುಣ ಸೇರಿರಬಹುದು, ಅಷ್ಟೆ.

ಇನ್ನು ಅಳೆಯುವ ಮಾತು. ನಿಜವಾದ ಅಳತೆ ಒಂದೇ ಇದೆ, ‘ಕ್ಲ್ಯಾಂಪ್’ ಎನ್ನುತ್ತಾರೆ, 1979ರಿಂದ ಅದೇ ಒರೆಗಲ್ಲು. ಒಂದು ಕೈಯ ರಕ್ತನಾಳಕ್ಕೆ ಒಂದೇ ವೇಗದಲ್ಲಿ ಇನ್ಸುಲಿನ್ ಬಿಡುತ್ತಾರೆ. ಅದರಿಂದ ಸಕ್ಕರೆ ಕುಸಿಯದ ಹಾಗೆ ಜೊತೆಗೆ ಗ್ಲೂಕೋಸ್ ಕೊಡುತ್ತಾರೆ. ಇನ್ನೊಂದು ಕೈಯಿಂದ ಐದೈದು ನಿಮಿಷಕ್ಕೆ ರಕ್ತ ತೆಗೆದು ನೋಡಿ, ಸಕ್ಕರೆ 90ರ ಆಸುಪಾಸಿನಲ್ಲಿ ನಿಲ್ಲುವಂತೆ ಗ್ಲೂಕೋಸಿನ ವೇಗವನ್ನು ಏರಿಸುತ್ತ ಇಳಿಸುತ್ತ ಎರಡು ಮೂರು ಗಂಟೆ ಕೂರುತ್ತಾರೆ. ಕೊನೆಗೆ ನಿಮಿಷಕ್ಕೆ, ದೇಹತೂಕದ ಕಿಲೋಗೆ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಬೇಕಾಯಿತೋ ಅದೇ ಉತ್ತರ. ಹೆಚ್ಚು ಬೇಕಾದರೆ ದೇಹ ಇನ್ಸುಲಿನ್‌ಗೆ ಚೆನ್ನಾಗಿ ಓಗೊಡುತ್ತಿದೆ ಎಂದು ಅರ್ಥ, ಕಡಿಮೆ ಸಾಕಾದರೆ ಪ್ರತಿರೋಧ. ಇದು ಸಂಶೋಧನೆಗೆ ಸರಿ. ಓಪಿಡಿಯಲ್ಲಿ ಯಾರೂ ಮಾಡುವುದಿಲ್ಲ, ಮಾಡಿಸಿ ಎಂದು ನೀವೂ ಕೇಳಬೇಡಿ.

ಹಾಗಾಗಿ ಅಂದಾಜು ಬೇಕಾಯಿತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಟೈಪ್ 1 ಇದ್ದ 24 ಜನರಿಗೆ ಕ್ಲ್ಯಾಂಪ್ ಮಾಡಿ, ಅದರ ಉತ್ತರ ಅವರ ಯಾವ ಯಾವ ಸಾಮಾನ್ಯ ಅಳತೆಗಳ ಜೊತೆ ಹೊಂದುತ್ತದೆ ಎಂದು ನೋಡಿ, 2000ದಲ್ಲಿ ಒಂದು ಸೂತ್ರ ಪ್ರಕಟಿಸಿದರು. ವೈದ್ಯರ ಬಾಯಲ್ಲಿ ಅದು ‘ಇಜಿಡಿಆರ್’, ದೇಹ ನಿಮಿಷಕ್ಕೆ ಎಷ್ಟು ಗ್ಲೂಕೋಸ್ ಬಳಸೀತು ಎಂಬ ಅಂದಾಜು. ಈಗ ಹೆಚ್ಚು ಬಳಕೆಯಲ್ಲಿರುವ ರೂಪಕ್ಕೆ ಬೇಕಾದದ್ದು ಮೂರೇ: ಸೊಂಟದ ಸುತ್ತಳತೆ, ಬಿಪಿ ಇದೆಯೋ ಇಲ್ಲವೋ, ಎಚ್‌ಬಿಎ1ಸಿ. 21.158ರಿಂದ ಶುರು ಮಾಡಿ. ಸೊಂಟದ ಸೆಂಟಿಮೀಟರನ್ನು 0.09ರಿಂದ ಗುಣಿಸಿ ಕಳೆಯಿರಿ. ಬಿಪಿ ಇದ್ದರೆ 3.407 ಕಳೆಯಿರಿ, ಇಲ್ಲದಿದ್ದರೆ ಏನೂ ಕಳೆಯಬೇಡಿ. ಎಚ್‌ಬಿಎ1ಸಿಯನ್ನು 0.551ರಿಂದ ಗುಣಿಸಿ ಕಳೆಯಿರಿ.

ನಿಮ್ಮ ಲೆಕ್ಕ: ಸೊಂಟಕ್ಕೆ 8.19, ಬಿಪಿಗೆ 3.41, ಎಚ್‌ಬಿಎ1ಸಿಗೆ 4.63. ಉಳಿಯುವುದು 4.93. ಸಾಮಾನ್ಯವಾಗಿ 8 ಮತ್ತು ಅದಕ್ಕಿಂತ ಮೇಲಿದ್ದರೆ ಒಳ್ಳೆಯದು ಎನ್ನುತ್ತೇವೆ. 6ರಿಂದ 8ರ ನಡುವೆ, 4ರಿಂದ 6ರ ನಡುವೆ, 4ಕ್ಕಿಂತ ಕೆಳಗೆ ಎಂದು ಇಳಿಯುತ್ತ ಹೋದಂತೆ ಪ್ರತಿರೋಧ ಹೆಚ್ಚು. ಸ್ವೀಡನ್ನಿನಲ್ಲಿ ಸುಮಾರು 17 ಸಾವಿರ ಟೈಪ್ 1 ರೋಗಿಗಳನ್ನು ಹೀಗೇ ವಿಂಗಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಳಗಿನ ಗುಂಪಿನವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು.

ಇಲ್ಲಿಗೆ ನಿಲ್ಲಿಸಿದರೆ ನಿಮ್ಮನ್ನು ಹೆದರಿಸಿ ಕಳಿಸಿದ ಹಾಗಾಗುತ್ತದೆ. ಸೂತ್ರದ ಒಳಗೆ ಒಂದು ಸಲ ಇಣುಕಿ ನೋಡಿ. ಬಿಪಿಯ ಒಂದು ಗುರುತಿಗೆ 3.407 ಹೋಗುತ್ತದೆ. ಸೊಂಟದ ಲೆಕ್ಕದಲ್ಲಿ ಅದು ಸುಮಾರು 38 ಸೆಂಟಿಮೀಟರಿಗೆ ಸಮ! ಮೇಲಿನ ಬಿಪಿ 138 ಇದ್ದವರಿಗೆ ಸೊನ್ನೆ, 140 ಆದ ದಿನ ಪೂರಾ 3.407. ಅವರ ದೇಹ ರಾತ್ರಿ ಬೆಳಗಾಗುವುದರೊಳಗೆ ಅಷ್ಟು ಬದಲಾದದ್ದೇನಲ್ಲ, ಸೂತ್ರಕ್ಕೆ ಹೌದು-ಇಲ್ಲ ಬಿಟ್ಟು ಮೂರನೆಯ ಮಾತು ಗೊತ್ತಿಲ್ಲ.

ಅದಕ್ಕೇ ನಿಮಗೆ ಒಂದು ಪ್ರಶ್ನೆ: ಆ ಬಿಪಿ ಮಾತ್ರೆ ಕೊಟ್ಟದ್ದು ಯಾತಕ್ಕೆ? ಟೈಪ್ 1 ಹಳೆಯದಾದವರಲ್ಲಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಬಿಪಿ ಸರಿಯಾಗಿದ್ದರೂ ಮೂತ್ರಪಿಂಡ ಕಾಪಾಡಲು ಅದೇ ಜಾತಿಯ ಮಾತ್ರೆ ಬರೆಯುತ್ತೇವೆ. ರೋಗಿಗೆ ವಿವರಿಸಲು ಪುರುಸೊತ್ತಿರುವುದಿಲ್ಲ, ‘ಬಿಪಿ ಮಾತ್ರೆ’ ಎಂದು ಹೇಳಿ ಮುಗಿಸುತ್ತೇವೆ. ನಾನೂ ಹಾಗೆ ಹೇಳಿದ್ದುಂಟು. ನಿಮ್ಮದು ಅಂಥದ್ದಾಗಿದ್ದರೆ 3.407 ಕಳೆಯುವ ಹಾಗಿಲ್ಲ, ಉತ್ತರ 8.34 ಆಗುತ್ತದೆ. ಅದೇ ಸೊಂಟ, ಅದೇ ಎಚ್‌ಬಿಎ1ಸಿ, ಕಥೆ ಮಾತ್ರ ಬೇರೆ. ಮಾತ್ರೆ ಶುರುವಾದಾಗಿನ ಚೀಟಿ ಹುಡುಕಿ ತೆಗೆಯಿರಿ, ಆ ದಿನದ ಬಿಪಿ ಅದರಲ್ಲಿ ಬರೆದಿರುತ್ತದೆ.

ಎಚ್‌ಬಿಎ1ಸಿ ಕೂಡ ಯಾವಾಗಲೂ ಸಾಚಾ ಅಲ್ಲ. ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆ ಇರುವ ಹೆಂಗಸರಲ್ಲಿ ಅದು ಇದ್ದದ್ದಕ್ಕಿಂತ ಮೇಲೆ ತೋರಿಸುತ್ತದೆ. ಕೆಂಪು ರಕ್ತಕಣ ಬೇಗ ಒಡೆಯುವ ತೊಂದರೆ ಇದ್ದವರಲ್ಲಿ ಕೆಳಗೆ ತೋರಿಸುತ್ತದೆ. ಹಿಮೋಗ್ಲೋಬಿನ್ ಜೊತೆಗೆ ನೋಡಿಸಿ. ಸೊಂಟವನ್ನು ಸೀರೆ ಕಟ್ಟುವಲ್ಲಿ ಅಳೆಯಬೇಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುಮಧ್ಯೆ ಟೇಪು ಸುತ್ತಿ, ಉಸಿರು ಬಿಟ್ಟಾಗ ನೋಡಿ. ಒಂದೆರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಹೊಟ್ಟೆಯ ಕೊಬ್ಬು ಹೆಚ್ಚು ಎಂದು ಲೆಕ್ಕ. ಅದೇ ತೂಕದ ಬಿಳಿಯರಿಗಿಂತ ನಮ್ಮಲ್ಲಿ ಹೊಟ್ಟೆಯ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಪಿಟ್ಸ್‌ಬರ್ಗ್‌ನ 24 ಜನರ ಮೇಲೆ ಕಟ್ಟಿದ ಸೂತ್ರ ನಮ್ಮ ಮೈಕಟ್ಟಿಗೆ ದರ್ಜಿ ಹೊಲಿದ ಹಾಗೆ ಕೂರುವುದಿಲ್ಲ. ವ್ಯಾಪಾರಿ ತೋಟದ ಗೊನೆ ನೋಡಿ ಫಸಲು ಇಷ್ಟು ಖಂಡಿ ಎನ್ನುತ್ತಾನಲ್ಲ, ಅಷ್ಟು ಬೆಲೆ ಕೊಡಿ ಇದಕ್ಕೆ.

ಇನ್ನೊಂದು ಅಂದಾಜು ನೀವೇ ದಿನಾ ಮಾಡುತ್ತಿದ್ದೀರಿ: ಕಿಲೋಗೆ ಎಷ್ಟು ಯೂನಿಟ್. ಆಗ 36ನ್ನು 54ರಿಂದ ಭಾಗಿಸಿದರೆ 0.67, ಈಗ 62ನ್ನು 66ರಿಂದ ಭಾಗಿಸಿದರೆ 0.94. ದೊಡ್ಡವರಲ್ಲಿ ಇದು 1 ದಾಟಿದರೆ ನಾವು ಹುಬ್ಬೇರಿಸುತ್ತೇವೆ. ನೀವು ಅಂಚಿನಲ್ಲಿದ್ದೀರಿ. ಹದಿಹರೆಯದ ಮಕ್ಕಳಿಗೆ ಈ ಲೆಕ್ಕ ಹಾಕಬೇಡಿ, ಬೆಳವಣಿಗೆಯ ಹಾರ್ಮೋನಿನ ಕಾಲದಲ್ಲಿ ಕಿಲೋಗೆ 1.2, 1.5 ಯೂನಿಟ್ ಬೇಕಾದರೂ ಅದು ಸಹಜವೇ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಗೆ ದಪ್ಪಗೆ ಮಖಮಲ್ಲಿನ ಹಾಗಾಗಿದೆಯೇ ಎಂದೂ ನೋಡಿಕೊಳ್ಳಿ. ಅದು ತಿಕ್ಕಿದರೆ ಹೋಗುವ ಕೊಳೆಯಲ್ಲ, ಪ್ರತಿರೋಧದ ಗುರುತು.

ಆದರೆ ಡೋಸ್ ಏರಿದ್ದಕ್ಕೆಲ್ಲ ಪ್ರತಿರೋಧ ಎಂಬ ಹೆಸರು ಹಚ್ಚುವ ಮೊದಲು ಹೊಟ್ಟೆ ಮುಟ್ಟಿ ನೋಡಬೇಕು. ಇದನ್ನು ನಾನು ಕಲಿತದ್ದು ಎಡವಿ. ಪೆರ್ಲದ ಕಡೆಯ ಒಬ್ಬ ಮೇಷ್ಟ್ರಿಗೆ ಎಂಟು ತಿಂಗಳಲ್ಲಿ ಡೋಸನ್ನು 40ರಿಂದ 70ಕ್ಕೆ ಏರಿಸಿದ್ದೆ. ಪ್ರತಿ ಸಲ ಶುಗರ್ ಬರೆದಿಟ್ಟ ಪುಸ್ತಕ ನೋಡುವುದು, ಎರಡು ಯೂನಿಟ್ ಏರಿಸುವುದು, ಕಳಿಸುವುದು. ಒಂದು ದಿನ ಬೇರೇನೋ ನೋವು ಎಂದು ಅಂಗಿ ಎತ್ತಿಸಿದೆ. ಹೊಕ್ಕುಳಿನ ಎರಡೂ ಬದಿಗೆ ಗೋಳಿಬಜೆಯಷ್ಟು ದಪ್ಪದ ಎರಡು ಗಂಟು, ಒತ್ತಿದರೆ ರಬ್ಬರಿನ ಹಾಗೆ. ‘ಇಲ್ಲಿ ಚುಚ್ಚಿದರೆ ನೋವಾಗುವುದಿಲ್ಲ ಡಾಕ್ಟ್ರೇ’ ಎಂದರು. ವರ್ಷಗಳಿಂದ ಅದೇ ಎರಡು ಜಾಗ, ಒಂದೇ ಸೂಜಿ ವಾರವಿಡೀ. ಇನ್ಸುಲಿನ್ ಕೊಬ್ಬನ್ನು ಬೆಳೆಸುತ್ತದೆ. ಬೆಳೆದ ಆ ಗಂಟಿನಿಂದ ರಕ್ತಕ್ಕೆ ಇನ್ಸುಲಿನ್ ಸರಿಯಾಗಿ ಹೋಗುವುದಿಲ್ಲ, ಒಂದು ದಿನ ಅರ್ಧ, ಮರುದಿನ ಪೂರ್ತಿ. ಜಾಗ ಬದಲಿಸಿದ ಮೇಲೆ 48 ಯೂನಿಟ್ ಸಾಕಾಯಿತು. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋಗುವಾಗ ಮಾತ್ರ ಡಾಕ್ಟರನ್ನು ಕೇಳಿ ಡೋಸ್ ಇಳಿಸಿಕೊಂಡೇ ಶುರು ಮಾಡಬೇಕು. ಹಳೆಯ ಡೋಸನ್ನೇ ಒಳ್ಳೆಯ ಚರ್ಮಕ್ಕೆ ಹಾಕಿದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ.

ಎರಡನೆಯದು ಸಿರಿಂಜು. ಗಡಿಯ ಈಚೆ, ಕೇರಳದಲ್ಲಿ ಇರುವ ನಮ್ಮ ಕನ್ನಡದವರಿಗೆ ಇದು ಒಂದು ಪಾಡು. ಮಂಗಳೂರಿನ ಡಾಕ್ಟರು ಇನ್ಸುಲಿನ್ ಪೆನ್ ಬರೆದುಕೊಡುತ್ತಾರೆ, ಅದರ ಇನ್ಸುಲಿನ್ ಮಿಲಿಲೀಟರಿಗೆ 100 ಯೂನಿಟ್. ಊರಿನ ಆರೋಗ್ಯ ಕೇಂದ್ರದಲ್ಲಿ ಸಿಗುವುದು ಸಾಮಾನ್ಯವಾಗಿ ಬಾಟಲಿ, ಅದು ಮಿಲಿಲೀಟರಿಗೆ 40. ಬಾಟಲಿಗೆ ಕೆಂಪು ಮುಚ್ಚಳದ 40ರ ಸಿರಿಂಜೇ ಆಗಬೇಕು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ ಆ ಬಾಟಲಿಯಿಂದ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ರೋಗಿ ‘20 ಹಾಕಿದ್ದೇನೆ’ ಎನ್ನುತ್ತಾರೆ, ಪುಸ್ತಕದಲ್ಲಿ 20 ಎಂದಿರುತ್ತದೆ, ಡಾಕ್ಟರು ಪ್ರತಿರೋಧ ಎನ್ನುತ್ತಾರೆ. ಇದರ ಉಲ್ಟಾ ಇನ್ನೂ ಅಪಾಯ: ಪೆನ್ನಿನ ಕಾರ್ಟ್ರಿಜ್‌ನಿಂದ 40ರ ಸಿರಿಂಜಿನಲ್ಲಿ 20 ಎಳೆದರೆ 50 ಯೂನಿಟ್ ಹೋಗುತ್ತದೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಪೆನ್ ಬಿಟ್ಟು ಬಾಟಲಿಗೆ ಬಂದ ಕೆಲವರು ಹೀಗೇ ದಿಕ್ಕುತಪ್ಪಿದ್ದನ್ನು ನೋಡಿದ್ದೇನೆ. ಕೈಗೆ ಕೊಟ್ಟ ಸೂಚನೆ ಮಲಯಾಳದಲ್ಲಿ, ಓದಬೇಕಾದವರಿಗೆ ಬರುವುದು ಕನ್ನಡ ಮತ್ತು ತುಳು.

ಇನ್ಸುಲಿನ್ ಕೆಟ್ಟಿದ್ದರೂ ಹೀಗೇ ಆಗುತ್ತದೆ. ತೆರೆದ ಬಾಟಲಿ ಅಥವಾ ಪೆನ್ ಸುಮಾರು ನಾಲ್ಕು ವಾರ ಹೊರಗೆ ಇರಬಹುದು, ಆದರೆ 30 ಡಿಗ್ರಿಯ ಒಳಗೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಸ್ಕೂಟರಿನ ಸೀಟಿನಡಿಯ ಡಬ್ಬದೊಳಗೆ ಎಷ್ಟಿರುತ್ತದೆ ಎಂದು ಯೋಚಿಸಿ. ಫ್ರಿಜ್ ಇಲ್ಲದವರು ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ ಇಡುವುದು ಒಳ್ಳೆಯ ಉಪಾಯ. ಫ್ರಿಜ್ ಇದ್ದವರು ಫ್ರೀಜರಿಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಹಲ್ಲಿನ ಬುಡದ ಕೀವು, ಮೂತ್ರದ ಸೋಂಕು, ಥೈರಾಯ್ಡ್ ಹೆಚ್ಚಾದದ್ದು, ಮುಟ್ಟಿನ ಮುಂಚಿನ ವಾರ, ಹೆಗಲ ನೋವಿಗೆ ಕೊಟ್ಟ ಸ್ಟಿರಾಯ್ಡ್ ಇಂಜೆಕ್ಷನ್, ಇವೂ ಸಕ್ಕರೆ ಏರಿಸುತ್ತವೆ. ಕೊನೆಯದನ್ನು ರೋಗಿಗಳು ಹೇಳುವುದೇ ಇಲ್ಲ, ಅದು ಎಲುಬಿನ ಡಾಕ್ಟರು ಕೊಟ್ಟದ್ದು ಎಂಬ ಲೆಕ್ಕ.

ಇನ್ನೊಂದು ಸುಳಿ ಇದೆ, ನಿಮ್ಮ ತೂಕ ನೋಡಿ ಅದರ ಮೇಲೇ ನನಗೆ ಅನುಮಾನ. ರಾತ್ರಿ ಬೆವರಿ, ಎದೆ ಡವಗುಟ್ಟಿ ಏಳುತ್ತೀರಾ? ಎದ್ದು ಅಡುಗೆಮನೆಗೆ ಹೋಗಿ ಎರಡು ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ, ಬೆಲ್ಲ, ಮೇಲೊಂದು ಲೋಟ ಹಾಲು ಕುಡಿಯುತ್ತೀರಾ? ಬೆಳಿಗ್ಗೆ ಶುಗರ್ 260 ಇರುತ್ತದೆ, ಅದನ್ನು ನೋಡಿ ಡೋಸ್ ಏರುತ್ತದೆ, ಏರಿದ ಡೋಸಿಗೆ ಮತ್ತೆ ರಾತ್ರಿ ಇಳಿಯುತ್ತದೆ. ಹೀಗೆ ತಿಂದದ್ದೆಲ್ಲ ಸೊಂಟಕ್ಕೆ ಸೇರಿ, ಹುಸಿ ಪ್ರತಿರೋಧ ನಿಜವಾದ ಪ್ರತಿರೋಧವಾಗುತ್ತದೆ. ಸಕ್ಕರೆ ಇಳಿದಾಗ ಬೇಕಾದದ್ದು 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ. ಹದಿನೈದು ನಿಮಿಷ ಕಾದು ಮತ್ತೆ ನೋಡುವುದು. ಆ ಹದಿನೈದು ನಿಮಿಷ ಕಾಯುವುದು ಕಷ್ಟ ಎಂದು ನನಗೆ ಗೊತ್ತು. ಎರಡು ವಾರದಲ್ಲಿ ನಾಲ್ಕೈದು ದಿನ ರಾತ್ರಿ 3 ಗಂಟೆಗೆ ಅಲಾರಾಂ ಇಟ್ಟು ಶುಗರ್ ನೋಡಿ ಬರೆದಿಡಿ.

ಇಷ್ಟೆಲ್ಲ ಸೋಸಿದ ಮೇಲೂ 4.93 ಹಾಗೇ ನಿಂತರೆ, ಪ್ರತಿರೋಧ ಇದೆ ಎಂದೇ ನಡೆಯೋಣ. ಇನ್ಸುಲಿನ್ ನಾಟುತ್ತಿಲ್ಲ ಎಂದು ಯಾರೋ ಹೇಳಿದ ಕಷಾಯ ನಂಬಿ ಅದನ್ನು ಬಿಡುವುದಂತೂ ಯಾವ ಕಾರಣಕ್ಕೂ ಕೂಡದು. ಟೈಪ್ 1ರಲ್ಲಿ ಇನ್ಸುಲಿನ್ ಬಿಟ್ಟರೆ ಒಂದೆರಡು ದಿನದಲ್ಲಿ ರಕ್ತ ಆಮ್ಲವಾಗುವ ಕೀಟೋಆಸಿಡೋಸಿಸ್ ಆಗಿ ಐಸಿಯು ಸೇರಬೇಕಾಗುತ್ತದೆ. ಸೊಂಟ 5 ಸೆಂಟಿಮೀಟರ್ ಇಳಿದು, ಎಚ್‌ಬಿಎ1ಸಿ 7.4ಕ್ಕೆ ಬಂದರೆ ನಿಮ್ಮ ಅಂಕೆ 5.93 ಆಗುತ್ತದೆ. ಕಾಗದದ ಮೇಲೆ ಸಣ್ಣ ಬದಲಾವಣೆ, ಆದರೆ ಕಣ್ಣು, ಮೂತ್ರಪಿಂಡಗಳಿಗೆ ಆ ಒಂದು ಶೇಕಡಾ ಇಳಿದದ್ದೇ ದೊಡ್ಡ ಲಾಭ. ಊಟವಾದ ಮೇಲಿನ ನಡಿಗೆ, ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಭಾರದ ಕೆಲಸ, ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ ಮಾಡಿ ಪಲ್ಯ ಒಂದು ಸೌಟು ಹೆಚ್ಚು. ಕುಚ್ಚಲಕ್ಕಿ ಎಷ್ಟು ಉಂಡರೂ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ, ಅದು ಸುಳ್ಳು.

ಮೆಟ್‌ಫಾರ್ಮಿನ್ ಬಗ್ಗೆ ನೀವು ಕೇಳಿಲ್ಲ, ಆದರೆ ಡಾಕ್ಟರು ಎತ್ತಬಹುದು. ಟೈಪ್ 1 ಇದ್ದ 428 ಜನರಿಗೆ ಮೂರು ವರ್ಷ ಮೆಟ್‌ಫಾರ್ಮಿನ್ ಅಥವಾ ಸುಳ್ಳುಮಾತ್ರೆ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ತೂಕ, ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿದವು. ಎಚ್‌ಬಿಎ1ಸಿ ಮೊದಲ ಕೆಲವು ತಿಂಗಳು ಇಳಿದು ಆಮೇಲೆ ಆ ಲಾಭ ಉಳಿಯಲಿಲ್ಲ. ನಾನು ಕೆಲವರಿಗೆ ಬರೆಯುತ್ತೇನೆ, ಎಲ್ಲರಿಗೂ ಬರೆಯುವುದಿಲ್ಲ. ಗಂಟು ಇದ್ದ ಹೊಟ್ಟೆಗೆ ಮಾತ್ರೆ ಬರೆದು ಏನು ಪ್ರಯೋಜನ?

ಮುಂದಿನ ಸಲ ಮಂಗಳೂರಿಗೆ ಹೋಗುವಾಗ ರಿಪೋರ್ಟಿನ ಜೊತೆ ಪೆನ್ನು, ಬಾಟಲಿ, ಸಿರಿಂಜು, ಬಳಸುತ್ತಿರುವ ಸೂಜಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಅವರ ಎದುರಲ್ಲೇ ಒಮ್ಮೆ ಚುಚ್ಚಿ ತೋರಿಸಿ. ಹೊಟ್ಟೆ ತೋರಿಸಲು ಸಂಕೋಚವಾದರೆ ಅಲ್ಲಿಯ ಸಿಸ್ಟರಿಗೆ ತೋರಿಸಿ, ಗಂಟು ಗುರುತಿಸುವುದರಲ್ಲಿ ಅವರ ಬೆರಳು ನಮ್ಮದಕ್ಕಿಂತ ಚುರುಕು.